ತಿದ್ದುಪಡಿಯ ನೆನಪು, ತಿದ್ದುವವರ ಭಯ

ಬರೆದುದನ್ನು ತಿದ್ದದ ಲೇಖಕನಿಲ್ಲ. ತಿದ್ದಿದ ಮೇಲೆ ಮೊದಲಿನದೇ ಮೇಲಾಗಿತ್ತೆಂದು ಒಮ್ಮೆಯಾದರೂ ಮರುಗದ ಲೇಖಕನೂ ಇರಲಾರ. ಓಲೆಗರಿಯ ಕಾಲದಲ್ಲಂತೂ ಒಬ್ಬ ಲಿಪಿಕಾರನು ತನಗೆ ತೋರಿದಂತೆ ಒಂದಕ್ಷರವನ್ನು ಬದಲಿಸಿದನೆಂದರೆ, ಆ ಪ್ರತಿಯಿಂದ ಹುಟ್ಟಿದ ಪ್ರತಿಗಳೆಲ್ಲವೂ ಆ ಬದಲಾವಣೆಯನ್ನು ಹೊತ್ತುಕೊಂಡೇ ಬರುತ್ತಿದ್ದುವು. ಯಾರು ತಿದ್ದಿದರು, ಯಾವಾಗ ತಿದ್ದಿದರು, ಏಕೆ ತಿದ್ದಿದರು ಎಂಬುದಕ್ಕೆ ಸಾಮಾನ್ಯವಾಗಿ ಸಾಕ್ಷಿ ಉಳಿಯುತ್ತಿರಲಿಲ್ಲ. ಉಳಿದ ಪ್ರತಿಗಳನ್ನು ಹೋಲಿಸಿ ಅದನ್ನು ನಿರ್ಣಯಿಸುವುದಕ್ಕಾಗಿಯೇ ಗ್ರಂಥಸಂಪಾದನೆಯೆಂಬ ಶಾಸ್ತ್ರ ಬೆಳೆಯಿತು. ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಪಾಠಾಂತರ, ಪ್ರತಿಗಳ ವಂಶವೃಕ್ಷ ಮೊದಲಾದ ಮಾತುಗಳು ಹೊಸವಲ್ಲ.

ಕಂಪ್ಯೂಟರಿಗಾಗಿ ಬರೆಯುವವರೂ ಈ ಸಂಕಟಕ್ಕೆ ಹೊರತಾದವರಲ್ಲ. ಒಂದೇ ಬರಹವನ್ನು ಹತ್ತು ಮಂದಿ ತಿದ್ದುವಾಗ ಯಾರ ತಿದ್ದುಪಡಿ ಎಲ್ಲಿ ಸೇರಿತು ಎಂಬ ಲೆಕ್ಕವನ್ನು ಇಡಬೇಕಾದಾಗ, ಆ ಕೆಲಸಕ್ಕೆಂದೇ ಸಾಧನಗಳು ಹುಟ್ಟಿದುವು. ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರೋಚ್‌ಕೈಂಡ್ 1972ರಲ್ಲಿ ಅಂಥದೊಂದನ್ನು ರಚಿಸಿದರು. ಮುಂದೆ ಒಂದರ ಹಿಂದೊಂದು ಬಂದುವು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ‘ಗಿಟ್’ ಎಂಬುದನ್ನು ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ ಬರೆಯತೊಡಗಿದರು. ಲಿನಕ್ಸ್ ರಚನಾಕಾರರು ಅದುವರೆಗೆ ಬಳಸುತ್ತಿದ್ದ ‘ಬಿಟ್‌ಕೀಪರ್’ ಉಚಿತವಾಗಿ ದೊರೆಯುವುದು ನಿಂತುದೇ ಅದಕ್ಕೆ ಕಾರಣ. ಅದೇ ವರ್ಷದ ಜುಲೈಯಿಂದ ಜೂನಿಯೋ ಹಮಾನೋ ಅದರ ಪಾಲಕರಾದರು.

ಗಿಟ್ಟಿನ ತಿರುಳು ಸರಳವಾದುದು. ನಾವು ಬೇಕೆಂದಾಗ ಬರಹದ ಆ ಹೊತ್ತಿನ ಸ್ಥಿತಿಯನ್ನು ಅದು ದಾಖಲು ಮಾಡಿಕೊಳ್ಳುತ್ತದೆ. ಇದಕ್ಕೆ ‘ಕಮಿಟ್’ ಎಂದು ಹೆಸರು. ಯಾರು, ಎಂದು, ಏನೆಂದು ಹೇಳಿ ದಾಖಲಿಸಿದರು, ಇದರ ಹಿಂದಿನ ದಾಖಲೆ ಯಾವುದು ಎಂಬುದೆಲ್ಲ ಅದರಲ್ಲಿ ಸೇರಿರುತ್ತದೆ. ಇವೆಲ್ಲವನ್ನೂ ಲೆಕ್ಕ ಹಾಕಿ ಪ್ರತಿಯೊಂದು ದಾಖಲೆಗೂ ಸಾಮಾನ್ಯವಾಗಿ 40 ಚಿಹ್ನೆಗಳ ಒಂದು ಗುರುತನ್ನು ಕೊಡುತ್ತದೆ. ದಾಖಲೆಯಲ್ಲಿ ಒಂದಕ್ಷರ ಬದಲಾದರೂ ಗುರುತು ಬದಲಾಗುತ್ತದೆ. ಕದ್ದು ತಿದ್ದಲು ಎಡೆಯಿಲ್ಲ. ಇನ್ನೂ ದೊಡ್ಡ ಗುಣವೆಂದರೆ, ಕೂಡಿ ದುಡಿಯುವ ಪ್ರತಿಯೊಬ್ಬರ ಯಂತ್ರದಲ್ಲಿಯೂ ವಾಡಿಕೆಯಂತೆ ಪೂರ್ಣ ಚರಿತ್ರೆಯ ಒಂದು ಪ್ರತಿ ಇರುತ್ತದೆ. ಒಂದು ಕಡೆ ಸುಟ್ಟರೂ ಇನ್ನೊಂದು ಕಡೆ ಉಳಿಯಿತೆಂಬಂತೆ, ಹಲವು ಮಠಮನೆಗಳಲ್ಲಿ ಪ್ರತಿಗಳಿದ್ದುದರಿಂದಲೇ ನಮ್ಮ ಕಾವ್ಯಗಳು ಉಳಿದು ಬಂದುವಲ್ಲವೆ?

ಇಷ್ಟು ನೆನಪಿನ ಶಕ್ತಿಯುಳ್ಳ ಸಾಧನವನ್ನು ಬಳಸುವವರು ನಿಶ್ಚಿಂತೆಯಿಂದಿರಬೇಕಾಗಿತ್ತು. ನಾನು ಕಂಡುದು ಅದಕ್ಕೆ ತೀರ ವಿರುದ್ಧ. ನಮ್ಮ ಕಾಲೇಜಿನ ಕನ್ನಡ ವಿಭಾಗದ ಕೆಲವು ವಿದ್ಯಾರ್ಥಿಗಳು ಸುತ್ತಲಿನ ಹಳ್ಳಿಗಳಿಂದ ಒಕ್ಕಲುತನದ ಮಾತುಗಳನ್ನು ಸಂಗ್ರಹಿಸುತ್ತಿದ್ದಾರೆ: ಮೇಳಿ, ಕೂರಿಗೆ, ಕುಂಟೆ, ಮಿಣಿ, ರೋಣಗಲ್ಲು, ಹೀಗೆ. ಕಂಪ್ಯೂಟರ್ ವಿಭಾಗದ ನನ್ನ ಸಹೋದ್ಯೋಗಿಗಳೊಬ್ಬರ ಸಲಹೆಯಂತೆ ಆ ಪದಪಟ್ಟಿಗಳನ್ನು ಗಿಟ್ಟಿನಲ್ಲಿಟ್ಟೆವು. ಏನಾದರೂ ತೊಡಕಾದಾಗ ವಿದ್ಯಾರ್ಥಿಗಳು ಮೊದಲು ಬರುವುದು ನನ್ನ ಬಳಿಗೆ. ನಾನು ಗಣಕಶಾಸ್ತ್ರವನ್ನು ಓದಿದವನಲ್ಲ. ಬರೆದುದನ್ನು ನಿಧಾನವಾಗಿ ಓದುವುದು ನನ್ನ ಕಸುಬು. ಈ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಸಹಾಯ ಆ ಕಸುಬಿನಿಂದಲೇ ಆಗುತ್ತದೆ ಎಂಬುದನ್ನು ಕಂಡು ನನಗೇ ಸೋಜಿಗವಾಯಿತು.

ಯಂತ್ರದ ಭಾಷೆಯನ್ನೇ ನೋಡಿ. ಬೇರಾವುದೋ ಕಡತಕೋಶದಲ್ಲಿ ನಿಂತು ಆಜ್ಞೆ ಕೊಟ್ಟರೆ ‘ಫೇಟಲ್’ ಎಂದು ಸಂದೇಶ ಬರುತ್ತದೆ. ಆ ಇಂಗ್ಲಿಷ್ ಶಬ್ದಕ್ಕೆ ನಿಘಂಟಿನಲ್ಲಿ ಪ್ರಾಣಾಂತಿಕವೆಂಬ ಅರ್ಥವಿದೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದ ಹುಡುಗ ಅದನ್ನು ಕಂಡು ಕೈ ಹಿಂದೆಗೆದರೆ ಅಚ್ಚರಿಯೇನು? ವಾಸ್ತವವಾಗಿ ಅಲ್ಲಿ ಯಾರ ಪ್ರಾಣಕ್ಕೂ ಅಪಾಯವಿಲ್ಲ. ‘ನೀನು ನಿಂತಿರುವ ಜಾಗದಲ್ಲಿ ಗಿಟ್ಟಿನ ದಾಖಲೆಯಿಲ್ಲ, ಮುಂದುವರಿಯಲಾರೆ’ ಎಂದಷ್ಟೇ ಅದರ ಅಭಿಪ್ರಾಯ. ಹಾಗೆಯೇ ‘ಡಿಟ್ಯಾಚ್ಡ್ ಹೆಡ್’ ಎಂಬುದೊಂದುಂಟು. ಬೇರ್ಪಟ್ಟ ತಲೆ! ಗಿಟ್ಟಿನಲ್ಲಿ ‘ಹೆಡ್’ ಎಂದರೆ ನಾವು ಈಗ ನಿಂತಿರುವ ಸ್ಥಳದ ಗುರುತು. ಯಾವ ಕವಲಿನ ಮೇಲೂ ನಿಲ್ಲದೆ ನೇರವಾಗಿ ಹಳೆಯದೊಂದು ದಾಖಲೆಯನ್ನು ನೋಡುತ್ತಿದ್ದೇವೆ ಎಂಬುದು ಇದರ ತಾತ್ಪರ್ಯ. ನೋಡಿ ಹಿಂತಿರುಗುವುದಾದರೆ ಚಿಂತೆಯಿಲ್ಲ. ಅಲ್ಲಿಯೇ ಬರೆಯುವುದಾದರೆ ಹೊಸ ಕವಲೊಂದಕ್ಕೆ ಹೆಸರಿಟ್ಟುಕೊಂಡರಾಯಿತು.

ಕನ್ನಡಿಗರಿಗೇ ಮೀಸಲಾದಂಥ ತೊಡಕುಗಳೂ ಇವೆ. ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟ ವಿದ್ಯಾರ್ಥಿಯೊಬ್ಬ, ಗಿಟ್ ಅದನ್ನು ಕೆಡಿಸಿತೆಂದು ಓಡಿ ಬಂದ. ಪರದೆಯ ಮೇಲೆ ಹೆಸರಿಗೆ ಬದಲಾಗಿ 340, 262, 225 ಎಂದು ಅಂಕಿಗಳ ಸಾಲು. ಕೆಟ್ಟುದೇನೂ ಇರಲಿಲ್ಲ. ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಯಂತ್ರದೊಳಗೆ ಮೂರು ಸಂಖ್ಯೆಗಳಾಗಿ ಇರುತ್ತದೆ. ಮೇಲಿನ ಮೂರೂ ಸೇರಿದರೆ ನಮ್ಮ ‘ಕ’ಕಾರ. ಇಂಗ್ಲಿಷೇತರ ಅಕ್ಷರಗಳನ್ನು ಹೀಗೆ ಅಂಕಿಗಳಲ್ಲಿ ತೋರಿಸುವುದು ಗಿಟ್ಟಿನ ರೂಢಿ. ‘ಕೋರ್ ಡಾಟ್ ಕೋಟ್‌ಪಾತ್’ ಎಂಬ ಏರ್ಪಾಡನ್ನು ‘ಫಾಲ್ಸ್’ ಎಂದು ಬದಲಿಸಿದೊಡನೆ ಹೆಸರು ಕನ್ನಡದಲ್ಲಿಯೇ ಕಾಣಿಸಿತು.

ಇದಕ್ಕಿಂತ ಸೂಕ್ಷ್ಮವಾದುದು ಮತ್ತೊಂದು. ಇಬ್ಬರು ಬರೆದ ‘ಕೊಡಲಿ’ ಎಂಬ ಮಾತು ಕಣ್ಣಿಗೆ ಒಂದೇ ಆಗಿದ್ದರೂ ಗಿಟ್ ಅವೆರಡೂ ಬೇರೆಯೆಂದು ಹಟ ಹಿಡಿಯಿತು. ‘ಕೊ’ ಎಂಬಲ್ಲಿಯ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಇಬ್ಬರು ಬಳಸಿದ ಕೀಲಿಮಣೆಯ ತಂತ್ರಾಂಶಗಳು ಬೇರೆಯಾಗಿದ್ದುವು. ಯಂತ್ರದ ದೃಷ್ಟಿಯಿಂದ ಇದು ನಿಜವಾದ ಪಾಠಾಂತರವೇ. ಎಲ್ಲರೂ ಒಂದೇ ಬಗೆಯ ರೂಪವನ್ನು ಬಳಸಬೇಕೆಂದು ನಿಯಮ ಮಾಡಿದ ಮೇಲೆ ಆ ಜಗಳ ನಿಂತಿತು.

ಇನ್ನು ಹೊಸಬರಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ‘ಕಾನ್‌ಫ್ಲಿಕ್ಟ್’ ಎಂಬ ಘರ್ಷಣೆಯ ಮಾತು. ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿದ್ದರೆ, ಕೂಡಿಸುವಾಗ ಗಿಟ್ ಎರಡು ಪಾಠಗಳನ್ನೂ ಒಂದರ ಕೆಳಗೊಂದಿಟ್ಟು, ಮೇಲೆ, ನಡುವೆ, ಕೆಳಗೆ ಏಳೇಳು ಚಿಹ್ನೆಗಳ ಗೆರೆ ಎಳೆದು ನಮ್ಮ ಮುಂದಿಡುತ್ತದೆ. ವಿದ್ಯಾರ್ಥಿಗಳು ಇದನ್ನು ದೋಷವೆಂದು ತಿಳಿಯುತ್ತಾರೆ. ನನಗಾದರೋ ಇದು ವಿನಯಶೀಲನಾದ ಸಂಪಾದಕನ ನಡತೆಯಂತೆ ತೋರುತ್ತದೆ. ‘ಎರಡು ಪಾಠಗಳಿವೆ, ಯಾವುದು ಸರಿಯೆಂದು ನಾನು ಅರಿಯೆ, ತಿಳಿದವರು ನಿರ್ಣಯಿಸಿ’ ಎಂದು ಅದು ದೂರ ನಿಲ್ಲುತ್ತದೆ. ಆ ಹೊತ್ತಿಗೆ ನಿರ್ಣಯಿಸಲಾಗದಿದ್ದರೆ ‘ಮರ್ಜ್ ಅಬಾರ್ಟ್’ ಎಂದು ಹೇಳಿ ಕೂಡಿಸುವ ಮೊದಲಿನ ಸ್ಥಿತಿಗೆ ಮರಳಬಹುದು. ಹಳ್ಳಿಗೆ ಹೋಗಿ ಕೇಳಿ ಬಂದು ಮತ್ತೆ ಕುಳಿತುಕೊಳ್ಳಬಹುದು.

ಇವೆಲ್ಲ ಸಣ್ಣ ತೊಡಕುಗಳು. ಒಮ್ಮೆ ಮಾತ್ರ ನಿಜವಾಗಿಯೂ ಎದೆ ನಡುಗುವಂತಾಯಿತು. ಸಂಗ್ರಹಕಾರರಲ್ಲೊಬ್ಬನು ತನ್ನ ಕೆಲಸವನ್ನು ಸರ್ವರಿಗೆ ಕಳುಹಿಸಹೋದಾಗ ಅದು ಒಪ್ಪಲಿಲ್ಲ. ‘ನಿನ್ನಲ್ಲಿಲ್ಲದ ಕೆಲಸ ಇಲ್ಲಿದೆ, ಮೊದಲು ಅದನ್ನು ತಂದು ಕೂಡಿಸಿಕೋ’ ಎಂದು ಸಂದೇಶವೇನೋ ಬಂದಿತ್ತು. ಅವನು ಅದನ್ನು ಓದದೆ, ಯಾರೋ ಹೇಳಿಕೊಟ್ಟ ‘ಫೋರ್ಸ್’ ಎಂಬ ಮಾತನ್ನು ಸೇರಿಸಿ ಬಲವಂತದಿಂದ ಕಳುಹಿಸಿಬಿಟ್ಟ. ಸರ್ವರಿನಲ್ಲಿ ಅವನ ಪಟ್ಟಿ ನಿಂತಿತು. ಸಹಪಾಠಿಯೊಬ್ಬಳ ಒಂಬತ್ತು ದಾಖಲೆಗಳು ಅಲ್ಲಿಂದ ಮರೆಯಾದುವು. ಅವುಗಳಲ್ಲಿ ಒಬ್ಬ ಹಿರಿಯ ರೈತರು ಹೇಳಿದ ಕಣದ ಮಾತುಗಳೆಲ್ಲ ಇದ್ದುವು. ಅವರು ಅಷ್ಟರಲ್ಲಿ ತೀರಿಕೊಂಡಿದ್ದರು. ಮತ್ತೆ ಹೋಗಿ ಕೇಳುವಂತಿರಲಿಲ್ಲ.

“ಸಾರ್, ಎಲ್ಲಾ ಹೋಯಿತು. ಫೋಲ್ಡರನ್ನು ಅಳಿಸಿ ಹೊಸದಾಗಿ ಇಳಿಸಿಕೊಂಡರೆ ಸರಿಹೋಗುತ್ತದೆ ಎಂದು ಗೆಳತಿ ಹೇಳಿದಳು, ಅಳಿಸಿಬಿಡಲೇ?” ಎಂದು ಆ ಹುಡುಗಿ ಕೇಳಿದಳು.

“ಸ್ವಲ್ಪ ತಾಳಮ್ಮ. ಏನನ್ನೂ ಅಳಿಸಬೇಡ. ಯಂತ್ರ ಏನು ಹೇಳುತ್ತಿದೆ, ಅದನ್ನು ಇದ್ದುದು ಇದ್ದಂತೆ ಓದು,” ಎಂದೆ.

ಅವಳು ಓದಿದಳು. ನಿನ್ನ ಕವಲೂ ಸರ್ವರಿನ ಕವಲೂ ಬೇರೆ ಬೇರೆಯಾಗಿವೆ. ಇಲ್ಲಿ ಒಂಬತ್ತು ದಾಖಲೆಗಳು, ಅಲ್ಲಿ ಎರಡು. ಇದು ಆ ಇಂಗ್ಲಿಷ್ ವಾಕ್ಯದ ಸಾರ. “ಒಂಬತ್ತು ಎಲ್ಲಿವೆಯಂತೆ?” ಎಂದು ಕೇಳಿದೆ. “ಇಲ್ಲಿ,” ಎಂದವಳು ಒಂದು ಕ್ಷಣ ಸುಮ್ಮನಾಗಿ, “ಇಲ್ಲೇ ಇವೆಯಲ್ಲ ಸಾರ್!” ಎಂದಳು. ಸಹೋದ್ಯೋಗಿಗಳು ಬಂದು, ಆ ಒಂಬತ್ತು ದಾಖಲೆಗಳಿಗೆ ಒಂದು ಹೊಸ ಕವಲಿನ ಹೆಸರನ್ನಿಟ್ಟು ಭದ್ರಪಡಿಸಿ, ಅನಂತರ ಎರಡು ಕಡೆಯ ಕೆಲಸವನ್ನೂ ಕೂಡಿಸಿ ಕೊಟ್ಟರು. ಒಂದು ಮಾತೂ ಕಳೆಯಲಿಲ್ಲ.

ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿ ಒಂದಿದೆ. ಬಲವಂತದ ಕಳುಹಿಕೆಯಿಂದ ಸರ್ವರಿನ ಪಟ್ಟಿ ಕೆಟ್ಟಿತು, ನಿಜ. ಆದರೆ ಮಾತುಗಳು ನಾಶವಾಗಿರಲಿಲ್ಲ. ಅವು ನಾಶವಾಗುತ್ತಿದ್ದುದು ಪರಿಹಾರವೆಂದು ಹೇಳಿದ ಆ ಅಳಿಸುವಿಕೆಯಿಂದ. ಗೆಳತಿಯ ಉದ್ದೇಶ ಒಳ್ಳೆಯದೇ. ಬೇರೊಂದು ಸಂದರ್ಭದಲ್ಲಿ ಅದೇ ಉಪಾಯ ಫಲಿಸಿಯೂ ಇರಬಹುದು. ಆದರೆ ರೋಗವನ್ನು ಕೇಳದೆ ಕೊಟ್ಟ ಮದ್ದು ಅದು. ಗಿಟ್ಟಿನ ತೊಡಕುಗಳಲ್ಲಿ ಸಾಧನದಿಂದ ಆಗುವ ನಷ್ಟಕ್ಕಿಂತ, ಹೆದರಿದವರೂ ಅವಸರದ ಹಿತೈಷಿಗಳೂ ಕೂಡಿ ಮಾಡುವ ನಷ್ಟವೇ ಹೆಚ್ಚೆಂದು ನನಗೆ ಅಂದು ಮನದಟ್ಟಾಯಿತು.

ಅಂದಿನಿಂದ ಯಾರು ಬಂದರೂ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಮುಂದುವರಿಯುವುದಿಲ್ಲ. ಏನು ಮಾಡಬೇಕೆಂದಿದ್ದೆ? ಏನೆಂದು ಆಜ್ಞೆ ಕೊಟ್ಟೆ? ಅದು ಏನು ಹೇಳಿತು? ಮೂರನೆಯದಕ್ಕೆ ‘ಏನೋ ಎರರ್ ಬಂತು’ ಎಂಬ ಉತ್ತರ ಸಾಲದು, ಅಕ್ಷರಶಃ ಬೇಕು. ಬಳಿಕ ‘ಗಿಟ್ ಸ್ಟೇಟಸ್’ ಎಂದು ಕೇಳಿಸುತ್ತೇನೆ. ಅದು ಏನನ್ನೂ ತಿದ್ದದೆ, ಈಗಿನ ಸ್ಥಿತಿಯನ್ನೂ ಮುಂದಿನ ದಾರಿಗಳನ್ನೂ ಹೇಳುತ್ತದೆ. ದಾಖಲೆ ಕಾಣೆಯಾಗಿದೆಯೆಂದು ತೋರಿದರೆ ‘ರಿಫ್ಲಾಗ್’ ಎಂಬ ದಿನಚರಿಯಿದೆ. ಆ ಯಂತ್ರದಲ್ಲಿ ನಾವು ಎಲ್ಲಿಂದ ಎಲ್ಲಿಗೆ ಹೋದೆವೆಂಬುದನ್ನು ಅದು ಸಾಮಾನ್ಯವಾಗಿ 90 ದಿನ ಬರೆದಿಟ್ಟಿರುತ್ತದೆ. ಯಾವ ಕವಲಿಗೂ ಸೇರದೆ ಉಳಿದ ದಾಖಲೆಗಳಿಗೆ ಈ ಅವಧಿ 30 ದಿನ. ಅಷ್ಟರೊಳಗೆ ಹುಡುಕಿದರೆ ಕಳೆದುದು ಸಿಕ್ಕುವುದು ಬಹುಮಟ್ಟಿಗೆ ಖಂಡಿತ.

ಹಾಗೆಂದು ಈ ನೆನಪಿಗೆ ಮಿತಿಯಿಲ್ಲವೆಂದಲ್ಲ. ಒಮ್ಮೆಯೂ ದಾಖಲಿಸದ ಬರಹವನ್ನು ಗಿಟ್ ನೆನಪಿಡಲಾರದು. ಬೆಳಗಿನಿಂದ ಬರೆದು, ಕಮಿಟ್ ಮಾಡದೆ, ಯಾರೋ ಹೇಳಿದರೆಂದು ‘ರೀಸೆಟ್ ಹಾರ್ಡ್’ ಎಂಬ ಆಜ್ಞೆ ಕೊಟ್ಟವರ ಶ್ರಮವನ್ನು ಅದು ಮರಳಿ ಕೊಡದು. ಆದುದರಿಂದ ‘ಹಾರ್ಡ್’, ‘ಫೋರ್ಸ್’ ಎಂಬ ಮಾತುಗಳಿರುವ ಸಲಹೆಯನ್ನು ಕೇಳಿದೊಡನೆ ಕೈ ತಡೆದು, ಕೋಶದ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು ಲೇಸು. ಬಲವಂತ ಅನಿವಾರ್ಯವೇ ಆದರೆ ‘ಫೋರ್ಸ್ ವಿತ್ ಲೀಸ್’ ಎಂಬ ಸೌಮ್ಯರೂಪವೂ ಉಂಟು. ನಾವು ಕೊನೆಯ ಸಲ ಕಂಡ ಮೇಲೆ ಸರ್ವರಿನಲ್ಲಿ ಬೇರೆಯವರ ಕೆಲಸ ಬಂದು ಸೇರಿದ್ದರೆ ಅದು ಮುಂದುವರಿಯದು.

ತಪ್ಪೆಲ್ಲ ಬಳಸುವವರದೇ ಎಂದು ಹೇಳುವುದೂ ನ್ಯಾಯವಲ್ಲ. ‘ಚೆಕೌಟ್’ ಎಂಬ ಒಂದೇ ಆಜ್ಞೆ ಕವಲನ್ನು ಬದಲಿಸುವುದಕ್ಕೂ ಕಡತದ ಹೊಸ ತಿದ್ದುಪಡಿಯನ್ನು ತೊಡೆದು ಹಳೆಯದನ್ನು ತರುವುದಕ್ಕೂ ಬಹುಕಾಲ ಬಳಕೆಯಲ್ಲಿತ್ತು. ಒಂದು ನಿರಪಾಯ, ಇನ್ನೊಂದು ಅಪಾಯ. ಈ ಗೊಂದಲವನ್ನು ಕಂಡೇ 2019ರಲ್ಲಿ ‘ಸ್ವಿಚ್’, ‘ರಿಸ್ಟೋರ್’ ಎಂದು ಎರಡು ಆಜ್ಞೆಗಳನ್ನು ಬೇರೆಯಾಗಿ ಕೊಟ್ಟರು. ಸಂದೇಶಗಳೂ ಮೊದಲಿಗಿಂತ ಹೆಚ್ಚು ವಿವರವಾಗಿವೆ. ಕೇಳುವವರು ಕೇಳುತ್ತ ಹೋದುದರಿಂದಲೇ ಸಾಧನವೂ ತಿದ್ದಿಕೊಂಡಿತು. ಆದುದರಿಂದ ತೊಡಕನ್ನು ಹೇಳಿಕೊಳ್ಳುವುದು ನಾಚಿಕೆಯ ವಿಷಯವಲ್ಲ.

ಈಗಂತೂ ಪ್ರಶ್ನೆಯನ್ನು ಕೇಳಿದೊಡನೆ ಉತ್ತರವನ್ನು ಯಂತ್ರಗಳೇ ಒದಗಿಸುವ ಕಾಲ ಬಂದಿದೆ. ಆಜ್ಞೆಗಳಿಗೆ ಬರವಿಲ್ಲ. ಬರವಿರುವುದು, ಆ ಆಜ್ಞೆ ನನ್ನ ಬರಹವನ್ನು ಏನು ಮಾಡುತ್ತದೆ ಎಂದು ಕೇಳಿ ತಿಳಿಯುವ ತಾಳ್ಮೆಗೆ. ಸಹಾಯ ಮಾಡುವವರು ಆಜ್ಞೆಯನ್ನು ಕೊಡುವ ಮುನ್ನ ಅದರ ಫಲವನ್ನು ಒಂದು ವಾಕ್ಯದಲ್ಲಿ ಹೇಳಲಿ. ಸಹಾಯ ಪಡೆಯುವವರು ಆ ವಾಕ್ಯ ಅರ್ಥವಾಗುವವರೆಗೆ ಗುಂಡಿಯನ್ನು ಒತ್ತದಿರಲಿ. ನಮ್ಮ ಪದಪಟ್ಟಿಯಲ್ಲಿ ಇಂದು ಮೇಟಿ, ರೋಣಗಲ್ಲುಗಳ ಪಕ್ಕದಲ್ಲಿ ಅವುಗಳನ್ನು ಹೇಳಿಕೊಟ್ಟವರ ಊರು, ಬರೆದುಕೊಂಡವರ ಹೆಸರು, ದಿನಾಂಕ ಎಲ್ಲವೂ ಇವೆ. ಮುಂದೆ ಅದನ್ನು ಓದುವ ಸಂಪಾದಕನಿಗೆ ಯಾರು ತಿದ್ದಿದರೆಂದು ಊಹಿಸುವ ಕಷ್ಟ ಇರಲಾರದು.