ಕಾರಿನ ಒಡೆತನ

ಕಾರು ಕೊಂಡವನೇ ಅದರ ಒಡೆಯನೆಂದು ನಾವು ಎಣಿಸುತ್ತೇವೆ. ಅದು ಕೆಟ್ಟು ನಿಂತ ದಿನ ಆ ಒಡೆತನದ ಪರೀಕ್ಷೆಯಾಗುತ್ತದೆ.

ಬಂಗಾಳದ ಉತ್ತರಪಾರದಲ್ಲಿ 2014ರ ಮೇ ತಿಂಗಳವರೆಗೆ ತಯಾರಾಗುತ್ತಿದ್ದ ಅಂಬಾಸಿಡರನ್ನು ನೆನೆಯಿರಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಅದರ ಮೈಕಟ್ಟು ದಶಕಗಳು ಕಳೆದರೂ ಹೆಚ್ಚು ಬದಲಾಗಲಿಲ್ಲ. ಓಲೆಗರಿಯ ಕಟ್ಟಿನಲ್ಲಿ ಲುಪ್ತವಾದ ಗರಿಯನ್ನು ಮತ್ತೊಂದು ಪ್ರತಿಯಿಂದ ತುಂಬಿಕೊಳ್ಳುವಂತೆ, ಗುಜರಿಗೆ ಹೋದ ಕಾರಿನ ಭಾಗವನ್ನು ಓಡುವ ಕಾರಿಗೆ ಜೋಡಿಸಬಹುದಾಗಿತ್ತು. ಕಾರ್ಬುರೇಟರಿನಲ್ಲಿ ಕಸ ಸಿಕ್ಕಿದರೆ ಬಿಚ್ಚಿ ಊದುವುದು, ಪಾಯಿಂಟು ಕರಕಲಾದರೆ ಉಜ್ಜುಕಾಗದದಿಂದ ತಿಕ್ಕುವುದು—ಇಷ್ಟನ್ನು ಬಲ್ಲ ಮೆಕ್ಯಾನಿಕ್ ಸಣ್ಣ ಊರಿನಲ್ಲೂ ಸಿಗುತ್ತಿದ್ದ. ಅವನ ವಿದ್ಯೆಯನ್ನು ನಾನು ಪಾಂಡಿತ್ಯವೆಂದೇ ಕರೆಯುತ್ತೇನೆ.

ಈಗಿನ ಎಂಜಿನ್ನಿಗೆ ಇಂಧನವನ್ನು ಅಳೆದು ಕೊಡುವುದು ಪುಟ್ಟ ಗಣಕ. ದೋಷವನ್ನು ಅದು ಸಂಕೇತದಲ್ಲಿ ಬರೆದಿಡುತ್ತದೆ. ಓದುವುದಕ್ಕೆ ಬೇರೊಂದು ಯಂತ್ರ ಬೇಕು. ಆ ಮಾಹಿತಿಯನ್ನೂ ಬಿಡಿಭಾಗಗಳನ್ನೂ ಕಂಪನಿ ತನ್ನ ಅಧಿಕೃತ ಮಾರಾಟಗಾರರಿಗಷ್ಟೇ ಕೊಟ್ಟರೆ ಬೀದಿಯ ಗ್ಯಾರೇಜಿನವನು ಕೈಕಟ್ಟಿ ಕೂರಬೇಕು, ನಾವು ಅವರು ಕೇಳಿದಷ್ಟು ತೆರಬೇಕು. ನನ್ನ ಕಾರಿನ ಒಂದು ಸ್ವಿಚ್ಚು ಕೆಟ್ಟಾಗ ಇಡೀ ಜೋಡಣೆಯನ್ನೇ ಬದಲಿಸಬೇಕೆಂದರು. ಸ್ವಿಚ್ಚನ್ನು ಬಿಡಿಯಾಗಿ ಮಾರುವುದಿಲ್ಲವಂತೆ!

2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇಂಥ ಪದ್ಧತಿಗಳಿಗಾಗಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ವಿಷಯ ಮೇಲ್ಮನವಿಗಳ ದಾರಿ ಹಿಡಿಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗೆಂದೇ ಜಾಲತಾಣವೊಂದನ್ನು ತೆರೆಯಿತು. ನನಗೆ ದಂಡಕ್ಕಿಂತ ದೊಡ್ಡದಾಗಿ ಕಂಡದ್ದು ಆಯೋಗದ ಆದೇಶದಲ್ಲಿದ್ದ ಇನ್ನೊಂದು ಮಾತು: ಹೊರಗಿನ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದೆಂಬ ಸಾರಾಸಗಟು ಷರತ್ತನ್ನು ಕಂಪನಿಗಳು ವಿಧಿಸಕೂಡದು.