ಊರಿನ ಕಾರು ಕೊಳ್ಳುವ ಮುನ್ನ

ಊರಿನ ನೆಂಟರಿಂದ ಹಳೆಯ ಕಾರು ಕೊಂಡು ಪುಣೆಗೋ ಮುಂಬಯಿಗೋ ತರುವ ನಮ್ಮವರು ಎಂಜಿನ್ ನೋಡುವಷ್ಟು ಕಾಗದ ನೋಡುವುದಿಲ್ಲ. ನೋಂದಣಿ ಪತ್ರದಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ ಹಣ ಕೊಡುವ ಮುನ್ನವೇ ತೆಗೆಸಿರಿ. ಅಲ್ಲಿಯ ಆರ್.ಟಿ.ಓ. ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ತರಿಸಿಕೊಳ್ಳಿರಿ. 29 ಮತ್ತು 30ನೆಯ ನಮೂನೆಗಳಿಗೆ ಮಾರಿದವರ ಸಹಿ ಹಾಕಿಸಿರಿ. 12 ತಿಂಗಳು ಮೀರಿ ಇಲ್ಲಿಯೇ ಇರುವ ಗಾಡಿಗೆ ಇಲ್ಲಿಯ ನಂಬರು ಬೇಕೇ ಬೇಕು. ಇಲ್ಲಿ ತೆರಿಗೆ ಕಟ್ಟಿದ ಮೇಲೆ, ಊರಿನಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳಬಹುದು.

ಮಾರುವವರಿಗೂ ಒಂದು ಮಾತು. ಹೆಸರು ಬದಲಾಗದ ಗಾಡಿ ಅಪಘಾತಕ್ಕೀಡಾದರೆ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಕೈ ಬದಲಾದ ಗಾಡಿಗೆ ಹೆಸರೂ ಬದಲಾಗಲಿ. ನೆಂಟಸ್ತನ ಉಳಿಯುವುದೂ ಅದರಿಂದಲೇ.