ಸಹಾರಾದ ನೀರಾನೆಗಳು

‘ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ, ಅಲ್ಲವೇ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಖಂಡಿತ ಅಲ್ಲ. ನಾವು ಸೂರ್ಯನಿಗೆ ಅತಿ ಸಮೀಪ ಇರುವುದು ಜನವರಿ ಮೊದಲ ವಾರ, ಸ್ವೆಟರ್ ಹುಡುಕುವ ದಿನಗಳಲ್ಲಿ. ಜುಲೈ ಹೊತ್ತಿಗೆ 50 ಲಕ್ಷ ಕಿಲೋಮೀಟರ್ ದೂರ ಸರಿದಿರುತ್ತೇವೆ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.4 ಡಿಗ್ರಿ ಓರೆ. ದೂರದ ಪಾಲು ಚಿಕ್ಕದು. ಆದರೆ ಆ ಚಿಕ್ಕ ಪಾಲು ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಸಹಾರಾ ಸಾಕ್ಷಿ.

ಅಲ್ಜೀರಿಯಾದ ತಸ್ಸಿಲಿ ಬಂಡೆಗಳ ಮೇಲೆ ದನಗಳ ಹಿಂಡು, ಜಿರಾಫೆ, ನೀರಾನೆಗಳ ಚಿತ್ರಗಳಿವೆ. ಬರೆದವರು ಕಲ್ಪಿಸಿಕೊಂಡಿರಲಿಲ್ಲ, ಕಂಡಿದ್ದರು. ನೈಜರ್‌ನ ಗೊಬೆರೊದಲ್ಲಿ ಈಗ ಬರೀ ಮರಳು. ಅಲ್ಲಿ ಬತ್ತಿದ ಕೆರೆಯ ದಡ ಅಗೆದರೆ ನೀರಾನೆ, ಮೊಸಳೆ, ಮೀನುಗಳ ಮೂಳೆ ಸಿಕ್ಕವು. ಜೊತೆಗೆ ಆ ಮೀನು ಹಿಡಿದು ಬದುಕಿದವರ ಸಮಾಧಿಗಳೂ. ಆ ಕಾಲದ ಚಾಡ್ ಸರೋವರ ಇಡೀ ಕರ್ನಾಟಕಕ್ಕಿಂತ ವಿಸ್ತಾರವಾಗಿತ್ತು!

ಮರುಭೂಮಿಗೆ ಅಷ್ಟು ನೀರು ಬಂದದ್ದು ಹೇಗೆ? ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ದೀರ್ಘವೃತ್ತದ ಕಕ್ಷೆಯೂ ನಿಧಾನವಾಗಿ ತಿರುಗುತ್ತದೆ. ಎರಡೂ ಸೇರಿ, ಸೂರ್ಯನ ಸಮೀಪ ಬರುವ ದಿನ ಸುಮಾರು 21,000 ವರ್ಷಗಳಲ್ಲಿ ಹನ್ನೆರಡೂ ತಿಂಗಳು ಸುತ್ತಿ ಬರುತ್ತದೆ. ಹತ್ತು ಸಾವಿರ ವರ್ಷಗಳ ಹಿಂದೆ ಅದು ಉತ್ತರಾರ್ಧಗೋಳದ ಬೇಸಿಗೆಯಲ್ಲೇ ಬೀಳುತ್ತಿತ್ತು. ಅಲ್ಲಿನ ಬೇಸಿಗೆಯ ಬಿಸಿಲು ಈಗಿನದಕ್ಕಿಂತ ಶೇ. 7ರಷ್ಟು ಹೆಚ್ಚು. ನೆಲ ಕಾದಷ್ಟೂ ಕಡಲ ಗಾಳಿ ಒಳನಾಡಿಗೆ ನುಗ್ಗುತ್ತದೆ. ಮುಂಗಾರು ಮರುಭೂಮಿಯ ನಡುವಿಗೇ ಹೋಗಿ ಸುರಿಯಿತು. 1981ರಲ್ಲಿ ಹವಾಮಾನ ವಿಜ್ಞಾನಿ ಜಾನ್ ಕುಟ್ಸ್‌ಬಾಕ್ ಕಂಪ್ಯೂಟರಿನಲ್ಲಿ ಕಕ್ಷೆಯನ್ನಷ್ಟೇ ಹಿಂದಿನ ಕಾಲಕ್ಕೆ ಬದಲಿಸಿ ನೋಡಿದಾಗ, ಮುಂಗಾರು ಬಲಗೊಂಡಿತು.

ಇದೇ ಓಲಾಟ ನಮ್ಮ ಸಂಕ್ರಾಂತಿಯಲ್ಲೂ ಇದೆ. ಸೂರ್ಯ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21–22ಕ್ಕೆ, ನಾವು ಉತ್ತರಾಯಣ ಎನ್ನುವುದು ಜನವರಿ ಮಧ್ಯಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಟ್ಟಿಗೇ ಬರುತ್ತಿದ್ದವು. ಮಕ್ಕಳಿಗೆ ಇಷ್ಟು ಸೊಗಸಾದ ಲೆಕ್ಕ ಹೇಳಿಕೊಡಬಹುದಾದ ಹಬ್ಬದ ದಿನ ಟಿ.ವಿ. ಜ್ಯೋತಿಷಿಗಳು ‘ಈ ರಾಶಿಗೆ ಕಂಟಕ’ ಎಂದು ಜನರನ್ನು ಹೆದರಿಸುತ್ತಾ ಕೂರುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಸಹಾರಾದಲ್ಲಿ ನೀರಾನೆಗಳಿದ್ದ ಕಾಲದಲ್ಲಿ ಆಫ್ರಿಕಾದ ಮಳೆಯೊಂದೇ ಅಲ್ಲ, ನಮ್ಮ ನೈಋತ್ಯ ಮುಂಗಾರೂ ಜೋರಾಗಿತ್ತು. ಅರಬ್ಬಿ ಸಮುದ್ರದ ಆಚೆ ದಡ, ಒಮಾನ್‌ನ ಕುನ್ಫ್ ಗುಹೆಯಲ್ಲಿ ಹನಿಹನಿ ನೀರಿನಿಂದ ಮೇಲೆದ್ದ ಸುಣ್ಣದ ಕಂಬದ ಪದರಗಳಲ್ಲಿ ಆ ಮಳೆಗಳ ಗುರುತು ಉಳಿದಿದೆ. ಸುಮಾರು 8,000 ವರ್ಷಗಳಿಂದೀಚಿನ ಪದರಗಳಲ್ಲಿ ಮಳೆ ಮೆಲ್ಲಮೆಲ್ಲನೆ ಇಳಿಯುತ್ತಾ ಬಂದಿದೆ, ಬೇಸಿಗೆಯ ಬಿಸಿಲು ಇಳಿದ ಹಾಗೆಯೇ.